ಧೋತರದೊಳಗಿನ ಹದಿನೆಂಟು ಮಂದಿ

ಯಲಬುರ್ಗಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಗ್ಯಾನಪ್ಪ ಮಾಸ್ತರರಿಗೆ ಒದ್ದೆ ಕೈಯನ್ನು ಉಟ್ಟ ಧೋತರಕ್ಕೇ ಒರೆಸಿಕೊಳ್ಳುವ ಚಟ. ನಿಜಾಮರ ರಾಜ್ಯದಲ್ಲಿ ಅದೇನೂ ಅಪರಾಧವಲ್ಲ. ಆದರೆ ಆ ದಿನ ಕುಷ್ಟಗಿಯ ಗಿಡ್ಡಪ್ಪನವರು ಮಗಳಿಗೆ ವರ ನೋಡಲು ಬರುವವರಿದ್ದರು. ಮಾಸ್ತರರ ತಲೆ ಅರ್ಧ ನೆರೆತಿತ್ತು; ಹೆಣ್ಣು ಕೊಡುತ್ತೇವೆಂದು ಯಾರಾದರೂ ಬರುತ್ತಿದ್ದದ್ದು ಇದೇ ಮೊದಲು. ಇದ್ದ ಒಳ್ಳೆಯ ಧೋತರವೂ ಒಂದೇ.

"ತರ್ರಿ ಇತ್ತ, ಒಗದು ಕೊಡ್ತೀನಿ," ಎಂದು ಬಾಡಿಗೆ ಮನೆಯ ಒಡತಿ ಪಕ್ಕೀರವ್ವ ಅದನ್ನು ಸೋಡಾ ಹಾಕಿದ ಕೊಪ್ಪರಿಗೆಯಲ್ಲಿ ಅದ್ದಿದಳು. ಅದ್ದಿದ್ದೇ ತಡ, ಬಿಳಿಯ ಬಟ್ಟೆಯ ಮೇಲೆ ಐದು ಬೆರಳು ಕೆಂಪಗೆ ಮೂಡಿದವು.

"ಭಾನಾಮತಿ," ಎಂದಳು ಪಕ್ಕೀರವ್ವ.

ಬಟ್ಟೆಯ ಮೇಲೆ ತಾನಾಗಿ ರಕ್ತ ಮೂಡಿದರೆ ಯಾರೋ ಮಾಟ ಮಾಡಿಸಿದ್ದಾರೆಂಬುದು ಆ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಇಡೀ ಓಣಿ ಅಂಗಳಕ್ಕೆ ಬಂತು.

"ಮಾಟ ಅಲ್ರೀ, ಔಷಧ," ಎಂದರು ಮಾಸ್ತರರು. "ನಿನ್ನೆ ಸಾಲ್ಯಾಗ ಫಿನಾಲ್ಫ್ಥಲೀನ್ ಚೆಲ್ಲಿತ್ತು, ಕೈ ಒರಸಿಕೊಂಡೀನಿ. ಒಣಗಿದ್ರ ಕಾಣಂಗಿಲ್ಲ. ಸೋಡಾ ಮುಟ್ಟಿದ್ರ ಕೆಂಪಗಾಗತೈತಿ."

"ಆ ಮಂತ್ರ ಇಲ್ಲಿ ಅನಬ್ಯಾಡ್ರಿ," ಎಂದು ನೆರೆಮನೆಯ ದರ್ಜಿ ನಜೀರಸಾಬ ಹಿಂದೆ ಸರಿದ.

ಯಾರಾದರೂ ಕೇಳಿದರೆ ಸಾಕು, ಕೇಳದಿದ್ದರೂ ಸಾಕು, ಪಾಠ ಹೇಳುವ ಜಾತಿ ಮಾಸ್ತರರದು. "ಅದರಾಗ ಮೂರು ಬೆಂಜೀನ್ ಉಂಗುರ ಅದಾವ. ಒಂದೊಂದರಾಗ ಆರು ಇಂಗಾಲದ ಕಣ, ಕೈಗೆ ಕೈ ಹಿಡಕೊಂಡು ನಿಂತಾವ. ಭಾಳ ಗಟ್ಟಿ ಬಳಗ, ಸೋಡಾಕ್ಕೆಲ್ಲ ಒಡೆಯಂಗಿಲ್ಲ. ಹೊಸದೊಂದು ಬಂದು ಸೇರಬೇಕಂದ್ರ, ಸುತ್ತ ಕುಂತದ್ದೊಂದು ಎದ್ದು ಹೋಗಬೇಕು."

ಪಕ್ಕೀರವ್ವ ಬೆರಳು ಮಡಚಿದಳು. "ಮೂರಾರ್ಲೆ ಹದಿನೆಂಟು. ಹದಿನೆಂಟು ದೆವ್ವ ನನ್ನ ಕೊಪ್ಪರಗ್ಯಾಗ ಬಿಟ್ಟೀರೇನ್ರಿ?"

ಅಷ್ಟರಲ್ಲಿ ಗಿಡ್ಡಪ್ಪನವರು ಬಾಗಿಲಲ್ಲಿ ನಿಂತಿದ್ದರು. ಅವರನ್ನು ಕರೆತಂದವನು ಮಾಸ್ತರರ ಜೊತೆ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದ ಡ್ರಿಲ್ ಮಾಸ್ತರ ಆದೆಪ್ಪ. ರಕ್ತದ ಕೈ ಕಂಡು ಗಿಡ್ಡಪ್ಪನವರ ರುಮಾಲು ಜಾರಿತು. ಬಂದ ಸಂಬಂಧ ಹೊಸ್ತಿಲಿಂದಲೇ ತಿರುಗಿ ಹೋಗುತ್ತದೆಂದು ಮಾಸ್ತರರು ಓಡಿ ಮುಂದೆ ಬಂದರು.

"ನಿಂದರ್ರಿ ಮಾವಾರ, ಈಗ ತೆಗದು ತೋರಸ್ತೀನಿ. ಹುಳಿ ಬಿದ್ರ ಹೋಗತೈತಿ," ಎಂದವರೇ, ಅಮಾವಾಸ್ಯೆಗೆಂದು ಪಕ್ಕೀರವ್ವ ಬಾಗಿಲಿಗೆ ಕಟ್ಟಿದ್ದ ನಿಂಬೆಹಣ್ಣನ್ನು ಕಿತ್ತು, ಧೋತರ ಹಿಂಡಿ, ಅದರ ಮೇಲೆ ರಸ ಬಿಟ್ಟರು. ಹೆಬ್ಬೆರಳು ಹೋಯಿತು. ತೋರುಬೆರಳು ಹೋಯಿತು. ಕೈಯೇ ಮಾಯವಾಯಿತು.

ಗಿಡ್ಡಪ್ಪನವರು ಬಂದು ಮಾಸ್ತರರ ಕಾಲಿಗೆ ಅಡ್ಡಬಿದ್ದರು.

"ತಪ್ಪಾತ್ರಿ ಅಪ್ಪಾರ. ನಿಮ್ಮಂಥ ಸಾಧಕರನ್ನ ಸಂಸಾರಕ್ಕ ಹಚ್ಚಾಕ ಬಂದಿದ್ದೆ. ಹೆಣ್ಣು ಮುಟ್ಟಿದ್ರ ಈ ಶಕ್ತಿ ಉಳೀತೈತೇನ್ರಿ? ಆ ಪಾಪ ನನಗ ಬ್ಯಾಡ."

"ಅಲ್ರೀ, ನನಗ ಶಕ್ತಿ ಪಕ್ತಿ ಏನೂ ಇಲ್ಲ."

"ಇದ್ದವರು ಹಿಂಗ ಅನ್ನೋದು," ಎಂದ ನಜೀರಸಾಬ. ಓಣಿಗೆ ಓಣಿಯೇ ತಲೆದೂಗಿತು.

ಗಿಡ್ಡಪ್ಪನವರು ಎದ್ದು ಮಂಡಿ ಕೊಡವಿಕೊಂಡರು. ಬಂದ ಕೆಲಸ ಬಿಟ್ಟು ಬರಿಗೈಯಲ್ಲಿ ಊರಿಗೆ ಹೋಗುವ ಜೀವ ಅವರದಲ್ಲ. ಆದೆಪ್ಪನ ಕಡೆ ತಿರುಗಿ, "ನಿಮಗ ಲಗ್ನ ಆಗೈತೇನ್ರಿ?" ಎಂದರು.

"ಇಲ್ರಿ," ಎಂದ ಆದೆಪ್ಪ, ನೆಲ ನೋಡುತ್ತ.

ಸಂಜೆಯೊಳಗೆ ವೀಳ್ಯ ಬದಲಾಯಿಸಿ ಆದೆಪ್ಪನ ಸಂಬಂಧ ಗಟ್ಟಿಯಾಯಿತು. ಮಾಸ್ತರರು ಮೂಲೆಯಲ್ಲಿ ಹಿಂಡಿದ ನಿಂಬೆಹಣ್ಣು ಹಿಡಿದು ಕೂತೇ ಇದ್ದರು. ಆದೆಪ್ಪ ಮೆಲ್ಲಗೆ ಪಕ್ಕಕ್ಕೆ ಬಂದ.

"ಮಾಸ್ತರ, ಹೆಂಗೂ ದೆವ್ವ ಬಿಟ್ಟೈತಿ. ಲಗ್ನಕ್ಕ ಆ ಧೋತರ ಕೊಡ್ತೀರೇನ್ರಿ?"