ನ್ಯಾಟ್ ವಿಮಾನಕ್ಕೆ ನಾನು ಹಾಕಿದ ಸೋಡಾ

“ಜನವರಿ ಇಪ್ಪತ್ತಾರಕ್ಕ ಈ ವಿಮಾನದ ಮೈಯಾಗ ನಿಮ್ಮ ಮಾರಿ ನೋಡ್ಕೊಂಡು ನೀವು ತಲಿ ಬಾಚ್ಕೋಬೇಕು! ಇಲ್ಲಂದ್ರ ನಾ ಜಿನ್ನಪ್ಪ ಮಾಸ್ತರನ ಅಲ್ಲ!”

೧೯೯೧ರ ಡಿಸೆಂಬರಿನಲ್ಲಿ, ಏಕಸಂಬಿಯ ನಮ್ಮ ಹೈಸ್ಕೂಲಿನ ಮೈದಾನದಲ್ಲಿ, ಅರವತ್ತು ಜನರೆದುರು ನಾನು ಮಾಡಿದ ಘನಘೋರ ಪ್ರತಿಜ್ಞೆ ಇದು. ಚಪ್ಪಾಳೆ ಬಿತ್ತು. ಇಪ್ಪತ್ತು ವರ್ಷ ವಿಜ್ಞಾನ ಪಾಠ ಹೇಳಿದರೂ ಒಂದು ದಿನ ಚಪ್ಪಾಳೆ ಕೇಳದ ಜೀವ ನನ್ನದು. ಆ ಸದ್ದೇ ನನ್ನನ್ನು ಕೆಡಿಸಿತು.

ವಿಮಾನವೆಂದರೆ ನಿಜವಾದ ವಿಮಾನ. ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನ, ಎಪ್ಪತ್ತೊಂದರ ಯುದ್ಧದ ಕಾಲದ್ದು. ಹಾರಾಟ ಮುಗಿಸಿದ ಮೇಲೆ, ಮಕ್ಕಳು ನೋಡಿ ಸ್ಫೂರ್ತಿ ಪಡೆಯಲಿ ಎಂದು ವಾಯುಪಡೆಯವರು ನಮ್ಮ ಸಂಸ್ಥೆಗೆ ಕೊಟ್ಟಿದ್ದರು. ಏಳು ವರ್ಷದ ಹಿಂದೆ ಅದು ಲಾರಿಯ ಮೇಲೆ ನಿಪ್ಪಾಣಿಯ ಕಡೆಯಿಂದ ಬಂದಾಗ ಊರಿಗೆ ಊರೇ ಆರತಿ ಹಿಡಿದು ನಿಂತಿತ್ತು. ಆಮೇಲೆ ಅದರಿಂದ ಸ್ಫೂರ್ತಿ ಪಡೆದವರು ಕಾಗೆಗಳು ಮಾತ್ರ! ರೆಕ್ಕೆಯ ನೆರಳಿನಲ್ಲಿ ಆಡುಗಳು ಮಲಗುತ್ತಿದ್ದವು. ಬಾಲದ ಕಡೆಯ ಕೊಳವೆಯಲ್ಲಿ ಕೋಳಿಯೊಂದು ಮರಿಗಳ ಸಮೇತ ಸಂಸಾರ ಹೂಡಿತ್ತು. ಬಣ್ಣ ಹಪ್ಪಳದಂತೆ ಎದ್ದು ಉದುರುತ್ತಿತ್ತು.

ಅಷ್ಟರಲ್ಲಿ ಒಂದು ಪತ್ರ ಬಂತು. ಗಣರಾಜ್ಯೋತ್ಸವಕ್ಕೆ ವಾಯುಪಡೆಯ ಅಧಿಕಾರಿಯೊಬ್ಬರು ಬರುತ್ತಾರೆ, ವಿಮಾನವನ್ನು ನೋಡುತ್ತಾರೆ, ಕಾಳಜಿ ಸಾಲದೆನಿಸಿದರೆ ಬೇರೆ ಊರಿಗೆ ಕೊಡುತ್ತಾರೆ. ಸಂಸ್ಥೆಯ ಅಧ್ಯಕ್ಷ ಕಾಕಾಸಾಹೇಬರು ನನ್ನನ್ನು ಕರೆದರು.

“ಮಾಸ್ತರ, ಊರ ಮರ್ಯಾದಿ ಪ್ರಶ್ನೆ. ನೀವು ಬಿ.ಎಸ್ಸಿ. ಆದವ್ರು. ಮುಂದ ನಿಂತು ಮಾಡ್ಸರಿ.”

ಬಿ.ಎಸ್ಸಿ. ಎಂದು ಯಾರಾದರೂ ಅಂದರೆ ಸಾಕು, ನನ್ನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬುತ್ತದೆ. ಮನೆಗೆ ಹೋಗಿ ಹೆಂಡತಿಗೆ ಸುದ್ದಿ ಹೇಳಿದೆ. ರಾಜಮತಿ ಮೊರದಿಂದ ತಲೆ ಎತ್ತಲಿಲ್ಲ.

“ನಿಮ್ಮ ಸೈಕಲ್ಲಿನ ಚೈನ್ ಬಿದ್ದು ಆರ ತಿಂಗಳಾತು. ಮದಲ ಅದನ್ನ ಹಾರಿಸ್ರಿ.”

ಮಹತ್ಕಾರ್ಯಗಳಿಗೆ ಮನೆಯಿಂದಲೇ ವಿಘ್ನ!

ಮೊದಲ ಭಾನುವಾರ ಶ್ರಮದಾನಕ್ಕೆ ಬಂದವರ ಉತ್ಸಾಹ ನೋಡಿ ನನ್ನ ಕಣ್ಣು ತುಂಬಿತು. ಕೈ ನೋಡಿದ ಮೇಲೆ ಕಣ್ಣಿನ ನೀರು ಅಲ್ಲೇ ಆರಿತು. ಎಲ್ಲರ ಕೈಯಲ್ಲೂ ಕುರ್ಪಿ! ಶ್ರಮದಾನವೆಂದರೆ ಕಳೆ ತೆಗೆಯುವುದು ಎಂದೇ ನಮ್ಮ ಜನರ ಲೆಕ್ಕ. ವಿಮಾನದ ಬಣ್ಣವೂ ಒಂದು ಬಗೆಯ ಕಳೆಯೇ ಎಂದು ತಿಳಿದು ನಾಲ್ಕು ಮಂದಿ ರೆಕ್ಕೆಯನ್ನು ಕೆರೆಯಲು ಕುಳಿತೇಬಿಟ್ಟರು.

“ಏಯ್! ಅದೇನ ಕಬ್ಬಿನ ಹೊಲ ಏನ್ರೋ? ಕೆಳಗ ಇಡ್ರಿ ಕುರ್ಪಿ!”

ಕೂಗಿದವರು ಹಾಲಸಿದ್ದಣ್ಣ. ಹದಿನೈದು ವರ್ಷ ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದು, ಇಂಥದ್ದೇ ವಿಮಾನಗಳ ಹೊಟ್ಟೆಯೊಳಗೆ ಕೈ ಹಾಕಿ ದುಡಿದು, ಈಗ ಊರಿನಲ್ಲಿ ಕಬ್ಬು ಬೆಳೆಯುತ್ತಿದ್ದವರು. ಅವರು ಎಲ್ಲರ ಹತಾರಗಳನ್ನು ಎಣಿಸಿ ಒಂದು ಗೋಣಿಚೀಲದ ಮೇಲೆ ಇಡಿಸಿದರು. ಬಣ್ಣವನ್ನು ಮರದ ಚಕ್ಕೆಯಿಂದ, ತೆಂಗಿನ ನಾರಿನಿಂದ ತೆಗೆಯಬೇಕು ಎಂದರು. ಸಂಜೆ ಮತ್ತೆ ಹತಾರ ಎಣಿಸಿ, ಒಂದು ಸ್ಕ್ರೂಡ್ರೈವರ್ ಕಡಿಮೆಯಾಯಿತೆಂದು ಇಪ್ಪತ್ತು ಜನರನ್ನು ಹುಲ್ಲಿನಲ್ಲಿ ಹುಡುಕಲು ಹಚ್ಚಿದರು. ಅದು ಕೊನೆಗೆ ನನ್ನ ಜೇಬಿನಲ್ಲೇ ಸಿಕ್ಕಿತು. ಆ ವಿಷಯ ಇಲ್ಲಿ ಮುಖ್ಯವಲ್ಲ!

ಮೂರು ಭಾನುವಾರ ಕಳೆದವು. ಬಣ್ಣವೆಲ್ಲ ಹೋಗಿ ಒಳಗಿನ ಬೆಳ್ಳನೆಯ ಲೋಹ ಕಂಡಿತು. ಆದರೆ ಅಲ್ಲಲ್ಲಿ ಎಣ್ಣೆಯ ಜಿಡ್ಡು, ಹೊಗೆಯ ಕಲೆ. “ಸಬಕಾರದ ನೀರು, ಮೆತ್ತನ್ನ ಅರಿವಿ. ದಿನಕ್ಕ ನಾಕ ಮೊಳ ಒರಸ್ರಿ ಸಾಕು,” ಎಂದರು ಹಾಲಸಿದ್ದಣ್ಣ. ದಿನಕ್ಕೆ ನಾಲ್ಕು ಮೊಳವೆ! ಉಳಿದದ್ದು ಏಳು ದಿನ. ಮುಂದೆ ನಿಂತವನು ನಾನು. ಪ್ರತಿಜ್ಞೆ ಮಾಡಿದವನು ನಾನು.

ಆ ನಾಲ್ಕನೆಯ ಭಾನುವಾರ ಹಾಲಸಿದ್ದಣ್ಣ ಮಗಳನ್ನು ಕರೆತರಲು ಕುಡಚಿ ಸ್ಟೇಷನ್ನಿಗೆ ಹೋಗಿದ್ದರು. ನನ್ನ ತಲೆಯಲ್ಲಿ ವಿಜ್ಞಾನ ಭುಗಿಲೆದ್ದಿತು. ಹಾಸ್ಟೆಲ್ಲಿನ ದೊಡ್ಡ ಹಂಡೆಯಲ್ಲಿ ನೀರು ಕುದಿಸಿ, ಬಟ್ಟೆ ಒಗೆಯುವ ಸೋಡಾವನ್ನು ಧಾರಾಳವಾಗಿ ಸುರಿದೆ. ಬಿದಿರು ಕೋಲಿಗೆ ಗೋಣಿ ಕಟ್ಟಿ ಕಾಳವ್ವನ ಕೈಗೆ ಕೊಟ್ಟೆ.

ಕಾಳವ್ವ ಹನ್ನೊಂದು ವರ್ಷದಿಂದ ಹಾಸ್ಟೆಲ್ಲಿನ ಪಾತ್ರೆ ತೊಳೆಯುವವಳು. ಆ ಕೆಲಸದಿಂದಲೇ ಅವಳ ಮನೆಯ ಒಲೆ ಉರಿಯುತ್ತಿತ್ತು. ಅವಳು ಹಂಡೆಯನ್ನು ನೋಡಿದಳು, ವಿಮಾನವನ್ನು ನೋಡಿದಳು.

“ಸರ, ಇದು ಜರ್ಮನ್ ಐತ್ರಿ. ಜರ್ಮನ್‌ಗೆ ಸೋಡಾ ಆಗಂಗಿಲ್ರಿ. ಕರ್ರಗ ಆಗ್ತೈತಿ.”

ನಮ್ಮ ಕಡೆ ಅಲ್ಯುಮಿನಿಯಂ ಪಾತ್ರೆಗೆ ಜರ್ಮನ್ ಎನ್ನುತ್ತಾರೆ.

“ಕಾಳವ್ವಾ, ಇದು ನಿನ್ನ ಸಾರಿನ ಬೋಗೋಣಿ ಅಲ್ಲ. ವೈರಿಗಳ ಬೆನ್ನ ಹತ್ತಿದ ಯುದ್ಧವಿಮಾನ!”

“ಬೆನ್ನ ಹತ್ತಿದ್ರೂ ಜರ್ಮನ್ ಜರ್ಮನ್ನ ಅಲ್ಲೇನ್ರಿ?”

“ಬಿ.ಎಸ್ಸಿ. ಯಾರ ಆಗ್ಯಾರ? ನೀನೋ, ನಾನೋ?”

“ನೀವ ಆಗೀರ್ರಿ.”

“ಮತ್ತ ಹಚ್ಚು!”

ಹಚ್ಚಿದಳು. ಉಳಿದವರೂ ಹಚ್ಚಿದರು. ಮೈತುಂಬ ಸಣ್ಣ ಸಣ್ಣ ಗುಳ್ಳೆಗಳು ಸುಯ್ಯೆಂದು ಎದ್ದವು. “ನೋಡ್ರಿ, ಹೊಲಸ ಹೆಂಗ ಬಿಡಾಕತ್ತೈತಿ!” ಎಂದು ನಾನು ಕುಣಿದೆ. ಸೋಡಾ ಚೆನ್ನಾಗಿ ನೆನೆಯಲಿ ಎಂದು ಹಾಗೆಯೇ ಬಿಟ್ಟು ಎಲ್ಲರನ್ನೂ ಊಟಕ್ಕೆ ಕಳಿಸಿದೆ. ನಾನೂ ಹೋಗಿ ಎರಡು ರೊಟ್ಟಿ ಹೆಚ್ಚಿಗೆ ತಿಂದು ಬಂದೆ.

ಬಂದು ನೋಡುತ್ತೇನೆ, ಕಾಳವ್ವ ಒಬ್ಬಳೇ ಗೋಣಿಕೋಲು ಹಿಡಿದು ನಿಂತಿದ್ದಾಳೆ. ಅವಳ ಹಿಂದೆ ವಿಮಾನ, ಮೂಗಿನಿಂದ ಬಾಲದವರೆಗೆ, ರೊಟ್ಟಿ ಬೇಯಿಸುವ ಹಂಚಿನ ತಳದಷ್ಟು ಕಪ್ಪು! ಅದರಲ್ಲಿ ಮುಖ ನೋಡಿಕೊಳ್ಳುವುದಿರಲಿ, ನನ್ನ ಮುಖವೇ ಅದರ ಬಣ್ಣಕ್ಕೆ ತಿರುಗಿತು. ಸರಿಯಾಗಿ ಅದೇ ಗಳಿಗೆಗೆ ಕಾಕಾಸಾಹೇಬರ ಜೀಪು ಬಂದು ನಿಂತಿತು.

“ಯಾರ ಮಾಡಿದ್ರು ಇದನ್ನ?”

ಇದ್ದವರೇ ಇಬ್ಬರು. ಕೋಲು ಕಾಳವ್ವನ ಕೈಯಲ್ಲಿತ್ತು.

“ನೀನ ಏನವಾ?”

ಕಾಳವ್ವ ನನ್ನನ್ನು ನೋಡಿದಳು. ನಾನು ವಿಮಾನದ ಬಾಲ ನೋಡಿದೆ. ಅದರ ಮೇಲಿನ ಮೊಳೆಗಳನ್ನು ಜೀವನದಲ್ಲಿ ಮೊದಲ ಸಲ ಕಂಡವನಂತೆ ಒಂದೊಂದಾಗಿ ಎಣಿಸಿದೆ.

“ನಾಳಿಂದ ಹಾಸ್ಟೆಲ್ಲಿಗೆ ಬರಬ್ಯಾಡ,” ಎಂದರು ಕಾಕಾಸಾಹೇಬರು. ಕಾಳವ್ವ ಕೋಲನ್ನು ಗೋಡೆಗೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಹೋದಳು. ನಗುತ್ತ ಹೇಳಲು ಹೊರಟ ಕಥೆಯಿದು. ಆದರೆ ಇಲ್ಲಿಗೆ ಬಂದಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ಮುಚ್ಚಿಡುವುದಿಲ್ಲ.

ಸಂಜೆ ರಾಜಮತಿ ತಾಟು ಹಾಕಿದಳು. “ಹೊತ್ತ ಮುಳಗಾಕ ಬಂತು. ಊಟಕ್ಕ ಏಳ್ರಿ.” ನಾವು ಜೈನರು, ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ. ನಾನು ಏಳಲಿಲ್ಲ. ಕೊನೆಗೆ ನಡೆದದ್ದನ್ನೆಲ್ಲ ಹೇಳಿದೆ.

“ಜರ್ಮನ್‌ಗೆ ಸೋಡಾ ಹಾಕಿದ್ರಿ?” ಅವಳ ಧ್ವನಿ ಏರಿತು. “ನಾ ಹೊಸದಾಗಿ ಬಂದಾಗ ಒಂದ ಬೋಗೋಣಿಗೆ ಹಾಕಿದ್ದಕ್ಕ ಅತ್ತಿ ವಾರಗಟ್ಲೆ ಮಾತ ಬಿಟ್ಟಿದ್ರು. ನೀವು ವಿಮಾನಕ್ಕ ಹಾಕಿ ಬಂದೀರಿ! ಒಂಬತ್ತನೇ ಕ್ಲಾಸಿನ ಹುಡುಗರಿಗಿ ವರ್ಷಾ ವರ್ಷಾ ಏನ ಕಲಿಸ್ತೀರಿ?”

ಕಲಿಸುವುದು ಅದನ್ನೇ. ಅಲ್ಯುಮಿನಿಯಂ ಕ್ಷಾರದೊಡನೆ ಸೇರಿದರೆ ಗುಳ್ಳೆಗಳು ಏಳುತ್ತವೆ. ಇಪ್ಪತ್ತು ಸಲ ಪರೀಕ್ಷೆಗೆ ಕೇಳಿದ್ದೇನೆ. ತಪ್ಪು ಬರೆದವರಿಗೆ ಸೊನ್ನೆ ಹಾಕಿದ್ದೇನೆ.

“ಅದು ಹೋಗ್ಲಿ,” ಎಂದಳು ರಾಜಮತಿ, ಈ ಸಲ ಮೆಲ್ಲಗೆ. “ಕಾಳವ್ವ ಏನ ಮಾಡ್ಯಾಳ್ರಿ ಪಾಪ?”

ಹೊತ್ತು ಮುಳುಗಿತು. ನನ್ನ ತಾಟು ಹಾಗೆಯೇ ಉಳಿಯಿತು.

ಬೆಳಿಗ್ಗೆ ಹಾಲಸಿದ್ದಣ್ಣ ಒಂದು ನೋಟುಬುಕ್ಕು ಹಿಡಿದು ನಮ್ಮ ಕಟ್ಟೆಯ ಮೇಲೆ ಕುಳಿತಿದ್ದರು. ಪ್ರತಿ ಭಾನುವಾರ ವಿಮಾನಕ್ಕೆ ಏನು ಮಾಡಲಾಯಿತು, ಯಾರು ಮಾಡಿದರು ಎಂದು ಅವರು ಬರೆದು, ಮಾಡಿದವರ ಸಹಿ ಹಾಕಿಸುತ್ತಿದ್ದರಂತೆ. ನಾನು ಗಮನಿಸಿಯೇ ಇರಲಿಲ್ಲ.

“ನಿನ್ನಿದು ಬರೀರಿ ಮಾಸ್ತರ.”

“ಸೋಡಾ ನೀರಿನಿಂದ ವಿಮಾನವನ್ನು ಸ್ವಚ್ಛಗೊಳಿಸಲಾಯಿತು,” ಎಂದು ಬರೆದುಕೊಟ್ಟೆ. ಅವರು ಓದಿ ಪುಸ್ತಕವನ್ನು ಹಿಂದಕ್ಕೆ ಕೊಟ್ಟರು.

“ಯಾರು? ಹೆಸರು ಇಲ್ಲಲ್ಲ?”

ನಾನು ಪೆನ್ನಿನ ಮುಚ್ಚಳ ತಿರುಗಿಸುತ್ತ ಕುಳಿತೆ.

“ಒಮ್ಮಿ ನಾ ನಟ್ಟ ಹಿಡಿಯೋ ಒಂದು ಪಕ್ಕಡ ವಿಮಾನದ ಹೊಟ್ಟ್ಯಾಗ ಮರ್ತಿದ್ದೆ,” ಎಂದರು. “ವಿಮಾನ ಹೊಂಟು ನಿಂತಿತ್ತು. ಓಡಿ ಹೋಗಿ ಸಾಹೇಬ್ರಿಗಿ ಹೇಳಿದ್ನಿ. ನಿಲ್ಲಿಸಿದ್ರು. ಮಂದಿ ಎದರಿಗಿ ಬೈಸಿಕೊಂಡ್ನಿ. ಆದ್ರ ಅದನ್ನ ಹಾರಿಸಾಂವ ಅವತ್ತ ಸಂಜೀಕ ಮನೀಗಿ ಹೋಗಿ ಉಂಡ. ನಿಮಗ ಬರೀಲಿಕ್ಕ ಬರ್ತೈತಿ ಮಾಸ್ತರ. ಹೇಳಲಿಕ್ಕ ಬರಲಿಲ್ಲ, ಅಷ್ಟ.”

ನಾನು ಬರೆದೆ. ಸೋಡಾ ಹಾಕಿಸಿದವನು ಜಿನ್ನಪ್ಪ. ಬೇಡವೆಂದು ಹೇಳಿದವಳು ಕಾಳವ್ವ. ಸಹಿ ಮಾಡಿ, ಆ ಪುಸ್ತಕವನ್ನೇ ಹಿಡಿದು ಕಾಕಾಸಾಹೇಬರ ಮನೆಗೆ ನಡೆದೆ. ಚೈನ್ ಇಲ್ಲದ ಸೈಕಲ್ಲು ಮನೆಯಲ್ಲೇ ಉಳಿಯಿತು.

ಅವರು ಓದಿದರು. ತುಟಿ ನಡುಗಿತು, ನಗು ಬಂದಂತಾಯಿತು, ಮತ್ತೆ ನಿಂತಿತು.

“ಸೋಡಾ ಹಾಕಿದ್ದಕ್ಕ ನಗು ಬರಾಕತ್ತೈತಿ ಮಾಸ್ತರ. ಸುಮ್ಮ ನಿಂತಿದ್ದಕ್ಕ ಬರವಲ್ದು. ನಾನೂ ಪೂರ್ತಿ ಕೇಳದ ಆಕೀನ ಕೆಲಸದಿಂದ ತೆಗದ್ನಿ. ಹೋಗ್ರಿ, ನಮ್ಮಿಬ್ಬರದೂ ತಪ್ಪಾತು ಅಂತ ಹೇಳಿ ಕರಕೊಂಡ ಬರ್ರಿ.”

ಕಾಳವ್ವ ಬಾಗಿಲಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ತಪ್ಪಾಯಿತು ಎಂದೆ. ಪಾಠ ಹೇಳುವಾಗ ಎಂದೂ ತೊದಲದ ನಾಲಿಗೆ ಎರಡು ಸಲ ತೊದಲಿತು.

“ಅಲ್ಲ ಕಾಳವ್ವಾ, ನಿನ್ನಿ ನೀನರ ಯಾಕ ಹೇಳಲಿಲ್ಲ?”

“ನೀವು ಹೇಳ್ತೀರಿ ಅಂತ ನಿಂತಿದ್ನಿ ಸರ. ನೀವು ಬಾಲ ನೋಡಾಕತ್ತಿದ್ರಿ.”

ನಾನೂ ಕುಳಿತು ಒಂದು ಹಿಡಿ ಶೇಂಗಾ ಸುಲಿದುಕೊಟ್ಟೆ. ಆಮೇಲೆ ಅವಳು ಸಿಪ್ಪೆ ಕೊಡವಿ ಎದ್ದಳು.

“ವಿಮಾನ ಇನ್ನೂ ಹಂಗ ಕರ್ರಗ ಐತೇನ್ರಿ? ಹುಳಿ ಮಜ್ಜಿಗಿ ಬೇಕು, ಹುಣಸಿಹಣ್ಣು ಬೇಕು. ಮತ್ತ ನೀವು ದೂರ ಕುಂಡ್ರಬೇಕು.”

ಮರುದಿನ ಹದಿನಾಲ್ಕು ಹೆಂಗಸರು ಕೊಡಗಳಲ್ಲಿ ಹುಳಿ ಮಜ್ಜಿಗೆ ತಂದರು. ಹುಣಸೆಹಣ್ಣಿನ ರಸ ಹಚ್ಚಿ, ಮಜ್ಜಿಗೆ ಸವರಿ, ಮೆತ್ತನೆಯ ಬಟ್ಟೆಯಿಂದ ತಿಕ್ಕಿದರು. ಹಿಂದಿನಿಂದ ಹಾಲಸಿದ್ದಣ್ಣ ಸಂದುಸಂದಿಗೂ ನೀರು ಬಿಡಿಸಿದರು, ಹುಳಿ ಉಳಿದರೆ ಲೋಹ ತಿನ್ನುತ್ತದಂತೆ. ನೀರು ಹೊತ್ತವನು ನಾನು. ನಾಲ್ಕು ದಿನ ಊರಲ್ಲಿ ಯಾರ ಮನೆಯಲ್ಲೂ ಊಟಕ್ಕೆ ಮಜ್ಜಿಗೆ ಇರಲಿಲ್ಲ. ಐದನೆಯ ದಿನ, ಜನವರಿ ಇಪ್ಪತ್ತೈದರಂದು, ವಿಮಾನ ಬಿಸಿಲಿಗೆ ಕಣ್ಣು ಕುಕ್ಕುವಂತೆ ಹೊಳೆಯಿತು.

ಅಧಿಕಾರಿ ಬಂದರು, ಸುತ್ತಲೂ ತಿರುಗಿದರು, ಯಾವ ರಾಸಾಯನಿಕ ಬಳಸಿದಿರಿ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಾಕಾಸಾಹೇಬರು ಕಾಳವ್ವನನ್ನು ಮುಂದೆ ಕರೆದರು. “ಮೂರ ದಿನದ ಮಜ್ಜಿಗಿರಿ,” ಎಂದಳು. ಅಧಿಕಾರಿ ಅದನ್ನು ಬರೆದುಕೊಂಡರು. ವಿಮಾನ ನಮ್ಮ ಊರಿನಲ್ಲೇ ಉಳಿಯಿತು.

ಚಹಾ ಕುಡಿಯುವಾಗ ಕಾಕಾಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದು, ಪ್ರಯೋಗಾಲಯದ ರಾಸಾಯನಿಕಗಳ ಕಪಾಟಿನ ಕೀಲಿಕೈ ಕೇಳಿ ಇಸಿದುಕೊಂಡರು. ನನ್ನೆದುರಿಗೇ ಅದನ್ನು ಕಾಳವ್ವನ ಕೈಗಿಟ್ಟರು. ಹಾಸ್ಟೆಲ್ಲಿನ ಪಾತ್ರೆಗಳಿಗೆ ಬೇರೆಯವರನ್ನು ನೇಮಿಸಿ, ಅವಳನ್ನು ಪ್ರಯೋಗಾಲಯಕ್ಕೆ ಹಾಕಿದರು.

ಈಗ ಒಂದು ಚಮಚ ಸೋಡಾ ಬೇಕಾದರೂ ನಾನು ಕಾಳವ್ವನ ಮುಂದೆ ನಿಲ್ಲಬೇಕು. “ಯಾತಕ್ಕ ಬೇಕ್ರಿ ಸರ?” ಎಂದು ಕೇಳುತ್ತಾಳೆ. ನಾನು ಪ್ರಯೋಗವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸುತ್ತೇನೆ. ಅವಳು ಪೂರ್ತಿ ಕೇಳಿಸಿಕೊಳ್ಳುತ್ತಾಳೆ. ಸರಿ ಎನಿಸಿದ ದಿನ ಕೊಡುತ್ತಾಳೆ.