ಪುಟ್ಟ ಚಕ್ರದ ಸೈಕಲ್ಲೂ ನಮ್ಮ ಯಜಮಾನರ ಕೀರ್ತಿಯೂ

ನಾನು ಕೈಯಾರೆ ಮಾಡಿದ ಕೆಲಸದ ಹೆಸರು ನಮ್ಮ ಯಜಮಾನರಿಗೆ ಹೋಗುವುದು ನಮ್ಮ ಮನೆಯಲ್ಲಿ ಹೊಸದೇನಲ್ಲ. ಮಕ್ಕಳು ಪಾಸಾದರೆ ಅಪ್ಪನ ಬುದ್ಧಿ, ಗುಲಾಬಿ ಹೂ ಬಿಟ್ಟರೆ ಅವರ ಕೈಗುಣ. ಎಲ್ಲವನ್ನೂ ಸಹಿಸಿಕೊಂಡಿದ್ದೆ. ಸೈಕಲ್ ವಿಷಯದಲ್ಲಿ ಮಾತ್ರ ಮೈಯೆಲ್ಲ ಉರಿದುಹೋಯಿತು.

ತೊಂಬತ್ತರ ದಶಕದ ಮಾತು. ಶಂಕರಪುರದ ನಮ್ಮ ಮನೆಯ ಮಹಡಿ ಮೆಟ್ಟಿಲ ಕೆಳಗೆ ಒಂದು ಹಳೇ ಸೈಕಲ್ ಬಿದ್ದಿತ್ತು. ಪುಟ್ಟ ಚಕ್ರ, ನಡುವೆ ಮಡಚುವ ಕೀಲು. ನಾನು ಕಾಲೇಜಿಗೆ ಸೇರಿದಾಗ, ಹಡಗಿನ ಕೆಲಸದಲ್ಲಿದ್ದ ಸೋದರಮಾವ ವಿದೇಶದಿಂದ ತಂದುಕೊಟ್ಟದ್ದು. ತುಕ್ಕು ಹಿಡಿದಿದೆ, ಗುಜರಿಗೆ ಹಾಕೋಣ ಎಂದರು ಯಜಮಾನರು. ಬೇಡ, ನಾನೇ ರಿಪೇರಿ ಮಾಡಿ ಆಯುಧಪೂಜೆಗೆ ಬೀದಿಯಲ್ಲಿ ಓಡಿಸುತ್ತೇನೆ ಎಂದುಬಿಟ್ಟೆ. ಅವರು ನಕ್ಕರು. ಆ ನಗು ನೋಡಿದ ಮೇಲೆ ನನಗೆ ಬೇಕಾಗಿದ್ದು ಒಂದೇ. ಇದನ್ನು ಸರಿ ಮಾಡಿದವಳು ಇವಳು ಅಂತ ಬೀದಿಯಲ್ಲಿ ಒಬ್ಬರಾದರೂ ಬಾಯಿಬಿಟ್ಟು ಹೇಳಬೇಕು.

೧. ಟೈರು

ಹಳೇ ಟೈರನ್ನು ಭುಜಕ್ಕೆ ನೇತುಹಾಕಿಕೊಂಡು ಕಲಾಸಿಪಾಳ್ಯದ ಕಡೆಯ ಸೈಕಲ್ ಅಂಗಡಿಗೆ ಹೋದೆ. ಮಗುವಿಗೆ ಎಷ್ಟು ವಯಸ್ಸು ಎಂದು ಅಂಗಡಿಯವರು ಕೇಳಿದರು. ಮಗುವಿಗಲ್ಲ, ನನಗೇ ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಜಮಾನ್ರನ್ನ ಕಳ್ಸಿ ಮೇಡಂ, ಅವ್ರಿಗಾದ್ರೆ ಅಳತೆ ಗೊತ್ತಿರತ್ತೆ" ಅಂದರು. ಅಳತೆ ನನ್ನ ಭುಜದ ಮೇಲೇ ನೇತಾಡುತ್ತಿತ್ತು. ತೋರಿಸಿದರೂ ನೋಡದೆ ಬೇರೆ ಗಿರಾಕಿಯ ಕಡೆ ತಿರುಗಿಬಿಟ್ಟರು.

ಹಾಳಾಗಿ ಹೋಗಲಿ ಎಂದು ಯಜಮಾನರನ್ನೇ ಕಳಿಸಿದೆ. ಹಳೇ ಟೈರು ಹಿಡಿದುಕೊಂಡು ಬಸ್ಸು ಹತ್ತಲು ನಾಚಿಕೆಯಂತೆ, ಬರಿಗೈಯಲ್ಲಿ ಹೋದರು. ಅವರು ತಂದ ಟೈರಿನೊಳಗೆ ನನ್ನ ಚಕ್ರ ಆರಾಮಾಗಿ ಓಡಾಡುವಷ್ಟು ಜಾಗವಿತ್ತು. ಇದೇನ್ರೀ ಎಂದರೆ, ಮಕ್ಕಳಿಗೆ ಯೂನಿಫಾರಂ ತಂದವರ ಹಾಗೆ ಹೇಳಿದರು: "ಸ್ವಲ್ಪ ದೊಡ್ದೇ ಇರ್ಲಿ ಅಂತ ತಂದೆ."

೨. ಉಳಿದ ಗುಂಡು

ಸರಿಯಾದ ಅಳತೆಯ ಟೈರನ್ನು ಕೊನೆಗೆ ಬೇರೆ ಅಂಗಡಿಯಿಂದ ನಾನೇ ಹೋಗಿ ತಂದೆ. ಚಕ್ರದ ನಡುವಿನ ಉಕ್ಕಿನ ಗುಂಡುಗಳನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ಮೆತ್ತಿ ಮತ್ತೆ ಕೂರಿಸುವುದನ್ನು ಬಿಚ್ಚಿ ಬಿಚ್ಚಿಯೇ ಕಲಿತೆ. ಮೊದಲ ಸಲ ಎಲ್ಲ ಮುಗಿಸಿ ಕೈ ಒರೆಸಿಕೊಂಡು ನೋಡಿದರೆ ಬಟ್ಟಲಲ್ಲಿ ಎರಡು ಗುಂಡು ಹಾಗೇ ಉಳಿದಿವೆ. ಅಳು ಬಂದುಬಿಟ್ಟಿತು. ಅತ್ತೆ ಅಡುಗೆಮನೆಯಿಂದ ಇಣುಕಿ ಸಮಾಧಾನ ಮಾಡಿದರು: "ಉಳಿದ್ರೆ ಒಳ್ಳೇದೇ ಕಣೆ. ಸಾಲದೆ ಬರಬಾರ್ದು ಅಷ್ಟೆ."

ನನ್ನ ಚಕ್ರವನ್ನೂ ಹುಳಿಯ ಪಾತ್ರೆ ಅಂದುಕೊಂಡಿದ್ದರು. ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಮತ್ತೆ ಬಿಚ್ಚಿದೆ.

೩. ಎದುರು ಮನೆಯವರು

ಎದುರು ಮನೆಯ ನಿವೃತ್ತ ಮೇಷ್ಟರು ದಿನಾ ಸಂಜೆ ನಮ್ಮ ಗೇಟಿನ ಬಳಿ ಬಂದು ನಿಲ್ಲುತ್ತಿದ್ದರು. ನಾನು ಸೀರೆ ಎತ್ತಿಕಟ್ಟಿ ನೆಲದ ಮೇಲೆ ಕೂತು ಮೊಣಕೈವರೆಗೆ ಗ್ರೀಸ್ ಮಾಡಿಕೊಂಡಿರುತ್ತಿದ್ದೆ. ಯಜಮಾನರು ಬೆತ್ತದ ಕುರ್ಚಿಯಲ್ಲಿ ಪೇಪರ್ ಓದುತ್ತಿರುತ್ತಿದ್ದರು. ಸೈಕಲ್ ಎಲ್ಲಿಗೆ ಬಂತು ಎಂದು ಮೇಷ್ಟರು ಕೇಳುವುದು ಅವರನ್ನೇ! ಇವರೂ ಪೇಪರ್ ಮಡಚಿ, ಚೈನು ಮುಗೀತು, ಇನ್ನು ಬ್ರೇಕು ನೋಡಬೇಕು ಎಂದು ದಣಿದವರ ಹಾಗೆ ಉತ್ತರ ಕೊಡುತ್ತಿದ್ದರು. ಬೀದಿಗೆಲ್ಲ ಇವರ ಕೈಚಳಕದ ಸುದ್ದಿ ಹಬ್ಬಿತು.

ಒಂದು ಸಂಜೆ ಮೇಷ್ಟರು ನನ್ನ ಕಡೆಗೂ ತಿರುಗಿದರು. ಕೊನೆಗೂ ಇವರಿಗೆ ಕಣ್ಣು ಕಾಣಿಸಿತು ಎಂದುಕೊಂಡೆ. "ಸಂತೋಷ ಕಣಮ್ಮ," ಅಂದರು, "ಯಜಮಾನ್ರಿಗೆ ನೀನೂ ಅಲ್ಪಸ್ವಲ್ಪ ಸಹಾಯ ಮಾಡ್ತಿದೀಯಲ್ಲ."

೪. ಆಯುಧಪೂಜೆ

ಹಬ್ಬದ ಬೆಳಿಗ್ಗೆ ಸೈಕಲ್ ಅಂಗಳದಲ್ಲಿ ಫಳಫಳ ಹೊಳೆಯುತ್ತಿತ್ತು. ಬ್ರೇಕಿನ ತಂತಿ ಬಿಗಿಯುವುದೊಂದೇ ಬಾಕಿ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅತ್ತೆ ನನ್ನ ಸ್ಪ್ಯಾನರು, ಇಕ್ಕಳ ಎಲ್ಲವನ್ನೂ ತೊಳೆದು, ಈಳಿಗೆಮಣೆಯ ಪಕ್ಕ ದೇವರ ಮುಂದೆ ಜೋಡಿಸಿ ಕುಂಕುಮ ಹಚ್ಚಿದ್ದರು. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಮುಟ್ಟುವ ಹಾಗಿಲ್ಲ. ಒಂದೇ ಒಂದು ಸ್ಪ್ಯಾನರ್ ಕೊಡಿ ಎಂದು ಗೋಗರೆದೆ. ಪಾಪ, ವರ್ಷಕ್ಕೊಂದು ದಿನ ಅದಕ್ಕೂ ರಜ ಬೇಡವೇ ಎಂದರು. ನನಗೆ ಅಂಥ ರಜ ಕೊಟ್ಟವರು ಈ ಮನೆಯಲ್ಲಿ ಯಾರೂ ಇಲ್ಲ.

ಸರಿ, ನಾಳೆ ಓಡಿಸಿದರಾಯಿತು ಎಂದು ತಿರುಗಿದರೆ ಯಜಮಾನರು ಪಂಚೆ ಎತ್ತಿಕಟ್ಟಿ, ಸೈಕಲ್ಲನ್ನು ಗೇಟಿನ ಹೊರಗೆ ತಂದು, ಸೀಟಿನ ಮೇಲೆ ಕೂತಾಗಿತ್ತು. ಸುತ್ತಲೂ ಮೇಷ್ಟರು, ಅಕ್ಕಪಕ್ಕದವರು. ಬ್ರೇಕು ಬಿಗಿದಿಲ್ಲ, ಇಳಿಯಿರಿ ಎಂದೆ. ಪುಣ್ಯಾತ್ಮರು ಹೇಳಿ ಹೇಳಿ ಅಷ್ಟರಲ್ಲಿ ತಾವೇ ನಂಬಿಬಿಟ್ಟಿದ್ದರು. "ಬಿಚ್ಚಿ ಜೋಡ್ಸಿರೋನು ನಾನು, ನಂಗೇ ಹೇಳ್ಕೊಡ್ತೀಯಾ?" ಎಂದು ಪೆಡಲ್ ತುಳಿದೇಬಿಟ್ಟರು.

ನಮ್ಮ ಬೀದಿ ಇಳಿಜಾರು. ಸೈಕಲ್ ಎಷ್ಟು ಚೆನ್ನಾಗಿ ಓಡಿತೆಂದರೆ, ಆ ಗಾಬರಿಯಲ್ಲೂ ನನಗೆ ಹೆಮ್ಮೆಯಾಯಿತು. ಮೂಲೆಯಲ್ಲಿ ಹಬ್ಬಕ್ಕೆಂದು ಬೂದುಗುಂಬಳಕಾಯಿ ರಾಶಿ ಹಾಕಿಕೊಂಡು ಒಬ್ಬ ಮಾರುತ್ತಿದ್ದ. ಯಜಮಾನರು ನೆಟ್ಟಗೆ ಅದರೊಳಕ್ಕೆ ಹೋದರು. ದೃಷ್ಟಿ ತೆಗೆಯಲು ಅಷ್ಟೊಂದು ಕಾಯಿ ಒಟ್ಟಿಗೆ ಒಡೆದ ಮನೆ ಬೆಂಗಳೂರಿನಲ್ಲಿ ನಮ್ಮದೊಂದೇ ಇರಬೇಕು. ಎಲ್ಲರೂ ಓಡಿಹೋಗಿ ಎಬ್ಬಿಸಿದೆವು. ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಕಾಯಿ ಮಾರುವವನು ಸೊಂಟದ ಮೇಲೆ ಕೈಯಿಟ್ಟುಕೊಂಡು, ಬ್ರೇಕೇ ಹಿಡಿಯದ ಈ ಗಾಡಿಯನ್ನು ರಿಪೇರಿ ಮಾಡಿದ ಮಹಾನುಭಾವರು ಯಾರು ಎಂದು ಕೇಳಿದ.

ಯಜಮಾನರು ತಲೆಗೆ ಮೆತ್ತಿದ್ದ ಬೀಜ ಒರೆಸಿಕೊಂಡು, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದರು: "ನಮ್ಮನೆಯವ್ಳು. ಪೂರ್ತಿ ಅವಳೊಬ್ಳೇ ಮಾಡಿದ್ದು. ನಾನು ಮುಟ್ಟೂ ಇಲ್ಲ."