ಜುವಾಲಜಿ ಓದಿದವನು ಮೀನು ತೊಳೆದದ್ದು

ದಣಿವಿನಲ್ಲಿ ನಾನಾ ನಮೂನೆಗಳಿವೆ. ಹೊಲದಲ್ಲಿ ದುಡಿದವನ ದಣಿವು ಒಂದು ನಿದ್ದೆಗೆ ಇಳಿಯುತ್ತದೆ. ಮೇಷ್ಟರ ದಣಿವು ಹಾಗಲ್ಲ, ನಿದ್ದೆ ಮಾಡಿ ಎದ್ದ ಮೇಲೂ ಅದು ತಲೆದಿಂಬಿನ ಪಕ್ಕದಲ್ಲೇ ಕೂತಿರುತ್ತದೆ. ವಾರವಿಡೀ ಮಕ್ಕಳ ಹಾಜರಿಯನ್ನು ಫೋನಿಗೆ ಏರಿಸಿ, ಮಧ್ಯಾಹ್ನದ ಊಟದ ಮೊಟ್ಟೆಗಳ ಫೋಟೋ ತೆಗೆದು, ಮೊಟ್ಟೆ ತಿಂದ ಮಕ್ಕಳ ಫೋಟೋ ತೆಗೆದು, ಉಳಿದ ಹೊತ್ತಿನಲ್ಲಿ ವಿಜ್ಞಾನ ಕಲಿಸುವವನು ನಾನು. ಕೋಸಗಿ ಕಡೆ ಶಾಲೆ, ಆದೋನಿಯಲ್ಲಿ ಬಾಡಿಗೆ ಮನೆ. ಭಾನುವಾರ ಎಂದರೆ ನನಗೆ ಚಾಪೆ, ಅಷ್ಟೇ. ಅಂಥ ಒಂದು ಭಾನುವಾರ ನಾನು ಚಾಪೆ ಬಿಟ್ಟು ಮೀನು ತೊಳೆಯಲು ಕೂತೆನೆಂದರೆ ಅದಕ್ಕೆ ಕಾರಣ ಹಸಿವಲ್ಲ, ನಮ್ಮ ಗಂಗಕ್ಕ.

ಗಂಗಕ್ಕ ನನ್ನ ಒಡಹುಟ್ಟಿದವಳು, ನನಗಿಂತ ಆರು ವರ್ಷಕ್ಕೆ ದೊಡ್ಡವಳು. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಈ ಮಾತನ್ನು ಸಂದರ್ಭ ಸಿಕ್ಕಾಗಲೆಲ್ಲ ಹೇಳುತ್ತೇನೆ, ಸಿಗದಿದ್ದರೆ ಸಂದರ್ಭ ಮಾಡಿಕೊಂಡು ಹೇಳುತ್ತೇನೆ. ಸುಮ್ಮನೆ ಬಂದ ಡಿಗ್ರಿಯಲ್ಲ ಅದು. ಆದರೆ ಅದರ ಹಿಂದೆ ನಾನೊಬ್ಬನೇ ಕಷ್ಟಪಟ್ಟೆ ಅಂದರೆ ಸುಳ್ಳಾದೀತು. ಸಿ. ಬೆಳಗಲ್ ಹತ್ತಿರದ ನಮ್ಮೂರಲ್ಲಿ ಅಪ್ಪ ಹೊಳೆಯಿಂದ ಮೀನು ತಂದರೆ ತೊಳೆಯುವವಳು ಅಕ್ಕ. ಐದನೇ ತರಗತಿಗೇ ಶಾಲೆ ಬಿಟ್ಟಿದ್ದಳು. ನೋಡಲೆಂದು ನಾನು ಹತ್ತಿರ ಹೋದರೆ, "ಕೈಗೆ ನಾತ ಹತ್ತತೈತಿ, ಆಮ್ಯಾಲೆ ಪುಸ್ತಕಕ್ಕ ಹತ್ತತೈತಿ. ಸರಿ ಅತ್ಲಾಗ!" ಎಂದು ಓಡಿಸುತ್ತಿದ್ದಳು. ಹಾಗೆ ಓಡಿ ಓಡಿ ನಾನು ಬಿ.ಎಸ್ಸಿ. ಜುವಾಲಜಿಗೆ ಬಂದು ಮುಟ್ಟಿದೆ. ರೆಕಾರ್ಡ್ ಪುಸ್ತಕದಲ್ಲಿ ಮೀನಿನ ಒಳಾಂಗಗಳ ಚಿತ್ರ ಬರೆದು, ಪಿತ್ತಕೋಶಕ್ಕೆ ಹಸಿರು ಬಣ್ಣ ತುಂಬಿ, ಲೆಕ್ಚರರ ಕೈಲಿ ಶಹಬ್ಬಾಸ್ ಅನ್ನಿಸಿಕೊಂಡೆ. ನಿಜವಾದ ಮೀನನ್ನು ಮಾತ್ರ ನಾನು ಹತ್ತಿರದಿಂದ ಕಂಡಿದ್ದೆಲ್ಲ ಊಟದ ತಟ್ಟೆಯಲ್ಲೇ.

ಈ ಅಕ್ಕ ಕನ್ನಡಕ ಮಾಡಿಸಲು ಆದೋನಿಗೆ ಬಂದವಳು ಭಾನುವಾರ ಮಧ್ಯಾಹ್ನ ಊಟಕ್ಕೆ ಬರುತ್ತೇನೆಂದಳು. ಈ ಮನೆಯಲ್ಲಿ ಅವಳ ಮೊದಲ ಊಟ. ನಾನು ಒಂದು ತೀರ್ಮಾನ ಮಾಡಿದೆ: ಇವತ್ತು ಅಕ್ಕ ಕೈ ಒದ್ದೆ ಮಾಡಬಾರದು, ಮೀನು ನಾನೇ ತೊಳೆದು, ನಾನೇ ಹುರಿದು, ಆಕೆಯನ್ನು ಕೂರಿಸಿ ಬಡಿಸಬೇಕು. ನನ್ನ ಹೆಂಡತಿ ನರ್ಸು, ಅವತ್ತು ಅವಳಿಗೆ ಡ್ಯೂಟಿ. ಹೋಗುವಾಗ, "ರೊಟ್ಟಿ ಬಡಿದು ಇಟ್ಟೀನಿ. ಮೀನೂ ನಿಮ್ಮದ, ವಾಸನಿನೂ ನಿಮ್ಮದ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ನಮ್ಮ ಶಾಲೆಯ ಅಟೆಂಡರ್ ಹನುಮಂತು ರಜೆಯ ದಿನ ಕಾಲುವೆಗೆ ಬಲೆ ಬೀಸುತ್ತಾನೆ. ಬೆಳಿಗ್ಗೆ ಎರಡು ಜಿಲೇಬಿ ಮೀನು ತಂದ, ಒಂದು ದೊಡ್ಡದು, ಒಂದು ಚಿಕ್ಕದು. ಚೀಲ ಇನ್ನೂ ಮಿಸುಕಾಡುತ್ತಿತ್ತು.

"ಫ್ರೆಷ್ ಸಾರ್, ಇಂಕಾ ಒದ್ದಾಡ್ತಾವ. ತೊಳದು ಕೊಡಲೇನ್ರಿ?"

"ಬ್ಯಾಡ ಹನುಮಂತು, ನಾನ ತೊಳಿತೀನಿ."

"ನೀವಾ?" ಎಂದ.

"ನಾನು ಜುವಾಲಜಿ ಓದಿದಾಂವಪ್ಪ."

"ಅದು ಸರೇನ್ರಿ ಸಾರ್. ತೊಳದದ್ದು ಯಾವಾಗ?"

ಮೇಷ್ಟರಾದವರು ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ.

ಕೆಳಗಿನ ಮನೆಯ ಮಾಲೀಕರು ಹತ್ತಿ ವ್ಯಾಪಾರಿಗಳು, ಲಿಂಗವಂತರು. ಮೊಟ್ಟೆ ಒಡೆದರೂ ಕಿಟಕಿ ಹಾಕಿಕೊಳ್ಳುತ್ತಾರೆ. ಆದ್ದರಿಂದ ಬಕೆಟ್ಟು, ಚಾಕು, ಬೂದಿ, ಉಪ್ಪು ಹೊತ್ತು ತಾರಸಿ ಹತ್ತಿದೆ. ಅಷ್ಟಕ್ಕೇ ಸೊಂಟ ಹಿಡಿಯಿತು. ಏಳೆಂಟು ಕಾಗೆಗಳು ಗೋಡೆಯ ಮೇಲೆ ಸಾಲಾಗಿ ಕೂತವು. ನನ್ನ ತರಗತಿಯಲ್ಲಿ ಯಾರೂ ಇಷ್ಟು ಗಮನ ಕೊಟ್ಟು ಕೂತದ್ದಿಲ್ಲ. ಚಿಕ್ಕ ಮೀನನ್ನು ಬೂದಿಯಲ್ಲಿ ಹೊರಳಿಸಿ ಹಿಡಿದೆ, ಜಾರಿತು. ಮತ್ತೆ ಹಿಡಿದೆ, ಮತ್ತೆ ಜಾರಿತು. ಬಾಲದಿಂದ ತಲೆಯ ಕಡೆಗೆ ಚಾಕು ಎಳೆದರೆ ಪೊರೆ ಹಾರಿ ನನ್ನ ತಲೆಗೂದಲಿಗೆ, ಕಿವಿಗೆ, ಕನ್ನಡಕಕ್ಕೆ ಅಂಟಿಕೊಂಡಿತು. ಅರ್ಧ ತಾಸಾದಾಗ ಮೀನಿನ ಮೈಯಲ್ಲಿದ್ದ ಪೊರೆಗಿಂತ ನನ್ನ ಮೈಯಲ್ಲಿದ್ದದ್ದೇ ಹೆಚ್ಚು. ಬೇಗ ಮುಗಿಸೋಣವೆಂದು ಹೊಟ್ಟೆಗೆ ಚಾಕು ಸ್ವಲ್ಪ ಆಳವಾಗಿ ಇಳಿಸಿದೆ. ಹಸಿರು ರಸ ಚಿಮ್ಮಿತು. ಪಿತ್ತಕೋಶ. ನೋಡಿದ ಕೂಡಲೇ ಗುರುತಿಸಿದೆ, ಅಷ್ಟರ ಮಟ್ಟಿಗೆ ನನ್ನ ಓದು ವ್ಯರ್ಥವಾಗಿರಲಿಲ್ಲ. ಪಿತ್ತ ಒಡೆದರೆ ಮೀನು ಕಹಿಯಾಗುತ್ತದೆಂಬುದೂ ಗೊತ್ತಿತ್ತು. ಉಪ್ಪು ಹಾಕಿ ತೊಳೆದೆ, ಹುಣಸೆಹುಳಿ ಹಾಕಿ ಉಜ್ಜಿದೆ, ಬೆರಳು ನೆಕ್ಕಿ ನೋಡಿದೆ. ಬೇವಿನ ಕಷಾಯ.

ದೊಡ್ಡ ಮೀನಿಗೆ ಉಸಿರು ಬಿಗಿಹಿಡಿದು ಕೂತೆ. ಅದು ಅಚ್ಚುಕಟ್ಟಾಗಿ ಬಂತು. ಆಗಲೇ ಲೆಕ್ಕ ಹಾಕಿದೆ: ದೊಡ್ಡದು ಅಕ್ಕನಿಗೆ, ಕಹಿ ನನಗೆ, ವಿಷಯ ಯಾರಿಗೂ ಬೇಡ. ಎರಡಕ್ಕೂ ಖಾರದಪುಡಿ, ಅರಿಶಿನ, ಬೆಳ್ಳುಳ್ಳಿ ಸವರಿ, ರೊಟ್ಟಿ ಹಂಚಿನ ಮೇಲೆ ಶೇಂಗಾ ಎಣ್ಣೆ ಬಿಟ್ಟು ಒಂದಾದ ಮೇಲೆ ಒಂದು ಹುರಿದೆ, ಒಳ್ಳೆಯದನ್ನು ಮೊದಲು. ಬಣ್ಣ ನೋಡಿದರೆ ಎರಡೂ ಒಂದೇ. ನಿಂತು ನಿಂತು ಮೊಣಕಾಲು ಸೋತವು.

ಅಕ್ಕ ಬಂದಳು. ಬಾಗಿಲಲ್ಲೇ ಮೂಗರಳಿಸಿ, "ನಿನ್ನ ಹೆಂಡ್ತಿ ಹುರಿದಾಳೇನು?" ಎಂದಳು.

"ಅಲ್ಲಕ್ಕ, ನಾನ. ತೊಳದದ್ದೂ ನಾನ."

"ಖರೆ ಹೇಳೋ ಈರಾ."

"ಖರೇನಕ್ಕ."

ಹೊಸ ಕನ್ನಡಕ ಏರಿಸಿ ನನ್ನನ್ನು ದಿಟ್ಟಿಸಿದಳು. ಕೈಚಾಚಿ ನನ್ನ ಕಿವಿಯಿಂದ ಒಂದು ಪೊರೆ ಕಿತ್ತಳು. "ಹೂಂ, ಖರೇನ. ಮೀನಕ್ಕಿಂತ ನೀನ ಭಾಳ ಒದ್ದಾಡಿದಂಗ ಐತಿ" ಎಂದು ನಕ್ಕಳು. ಆ ನಗು ಕೇಳಿ ನನ್ನ ದಣಿವು ಅರ್ಧ ಇಳಿಯಿತು.

ಆಕೆಯನ್ನು ಕೂರಿಸಿ, ದೊಡ್ಡದನ್ನು ಆಕೆಗೂ ಚಿಕ್ಕದನ್ನು ನನಗೂ ಬಡಿಸಿ, ನೀರು ತರಲು ಒಳಗೆ ಹೋದೆ. ಬರುವಷ್ಟರಲ್ಲಿ ತಟ್ಟೆಗಳು ಅದಲುಬದಲಾಗಿದ್ದವು.

"ಅಕ್ಕಾ, ಅದು ನನ್ನ ತಟ್ಟಿ."

"ಗಂಡುಹುಡುಗಗ ಸಣ್ಣದು ಇಟ್ಟು ನಾ ದೊಡ್ಡದು ತಿನ್ನಲೇನು? ಯಾವತ್ತರ ತಿಂದೀನೇನು? ಸುಮ್ನ ಕುಂದ್ರು."

"ಹಂಗಲ್ಲಕ್ಕ, ಅದು..."

"ಅದು ಏನು?"

ಪಿತ್ತ ಒಡೆಯಿತು ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಒಂದೇ ಒಂದು ಮಾತು. ಆದರೆ ಈಗಷ್ಟೇ ಶಹಬ್ಬಾಸ್‌ಗಿರಿ ಸಿಕ್ಕಿತ್ತು, ಇಷ್ಟು ಬೇಗ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ನಾನು ಯೋಚಿಸುತ್ತಿರುವಾಗಲೇ ಅಕ್ಕ ತುತ್ತು ಬಾಯಿಗಿಟ್ಟಳು. ಅಗಿಯುತ್ತಿದ್ದ ದವಡೆ ಒಂದು ಕ್ಷಣ ನಿಂತಿತು. ನನ್ನನ್ನು ನೋಡಿದಳು. ಆಮೇಲೆ ರೊಟ್ಟಿಯ ದೊಡ್ಡ ತುಂಡು ಮುರಿದುಕೊಂಡಳು.

"ಖಾರ ಸರಿ ಹತ್ತೈತಿ ನೋಡು. ನಿಂದು ಹೆಂಗೈತಿ?"

"ಚಲೋ ಐತಕ್ಕ."

"ಹಂಗಾರ ಆತು ಬಿಡು" ಎಂದವಳು ಬಾಲದ ತನಕ, ಮುಳ್ಳು ಬಿಟ್ಟು ಏನೂ ಉಳಿಸದೆ ತಿಂದು ಮುಗಿಸಿದಳು.

ನಾನು ಆಗಲಾದರೂ ಆ ತಟ್ಟೆ ಕಿತ್ತುಕೊಂಡೆ, ಕಣ್ಣಲ್ಲಿ ನೀರು ಬಂತು, ಊಟ ಗಂಟಲಲ್ಲಿ ಇಳಿಯಲಿಲ್ಲ ಎಂದೆಲ್ಲ ಬರೆದರೆ ನೀವು ನನ್ನನ್ನು ಒಳ್ಳೆಯವನೆಂದುಕೊಳ್ಳುತ್ತೀರಿ. ಬೆಳಿಗ್ಗೆಯಿಂದ ದುಡಿದು ದಣಿದಿದ್ದೆ, ವಿಪರೀತ ಹಸಿದಿದ್ದೆ. ದೊಡ್ಡ ಮೀನು ಬಹಳ ರುಚಿಯಾಗಿತ್ತು. ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ, ಹಾಕಿದವಳು ಅಕ್ಕ.